ಲೈಸೆನ್ಸ್ ರಾಜ್‌ಗೆ ಹೆಸರಿಟ್ಟ ರಾಜಾಜಿ

ಸರ್ಕಾರಿ ಅಧಿಕಾರದ ಒಳಹೊರಗನ್ನು ಚಕ್ರವರ್ತಿ ರಾಜಗೋಪಾಲಾಚಾರಿ ಅವರಷ್ಟು ಹತ್ತಿರದಿಂದ ಕಂಡ ಭಾರತೀಯರು ವಿರಳ. ಸೇಲಂ ಪುರಸಭೆಯ ಅಧ್ಯಕ್ಷತೆಯಿಂದ ತೊಡಗಿ ಮದರಾಸು ಪ್ರಾಂತ್ಯದ ಪ್ರಧಾನಿ, ಮಧ್ಯಂತರ ಸರ್ಕಾರದ ಮಂತ್ರಿ, ಪಶ್ಚಿಮ ಬಂಗಾಳದ ರಾಜ್ಯಪಾಲ, ದೇಶದ ಗವರ್ನರ್ ಜನರಲ್, ಕೇಂದ್ರ ಗೃಹ ಸಚಿವ, ಮತ್ತೆ ಮದರಾಸಿನ ಮುಖ್ಯಮಂತ್ರಿ. ಇಷ್ಟೆಲ್ಲ ಕುರ್ಚಿಗಳಲ್ಲಿ ಕುಳಿತೆದ್ದ ಮೇಲೆ, 1959ರ ಜೂನ್ ತಿಂಗಳಲ್ಲಿ, ಎಂಬತ್ತು ತುಂಬಿದ್ದ ಈ ಮನುಷ್ಯ ಮದರಾಸಿನ ಮೈಲಾಪುರದಲ್ಲಿ ಹೊಸ ಪಕ್ಷವೊಂದನ್ನು ಪ್ರಕಟಿಸಿದರು. ಸರ್ಕಾರದ ಕೈ ಉದ್ದವಾಗುತ್ತಿದೆ, ಅದನ್ನು ಮೊಟಕು ಮಾಡಬೇಕು ಎಂಬುದೇ ಆ ಪಕ್ಷದ ಹುಟ್ಟಿನ ಕಾರಣವಾಗಿತ್ತು. ಹೆಸರು ಸ್ವತಂತ್ರ ಪಕ್ಷ. ಸಮಾಜವಾದ ಎಂಬ ಶಬ್ದಕ್ಕೆ ಎದುರಾಡುವುದೇ ಅಪಚಾರವೆನಿಸಿದ್ದ ಕಾಲವದು. ನೆಹರೂ ಅವರ ವರ್ಚಸ್ಸು ಇನ್ನೂ ಮಾಸಿರಲಿಲ್ಲ.

ರಾಜಾಜಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ. ಹೊಸೂರು ರಸ್ತೆಯ ಇಂದಿನ ವಾಹನ ದಟ್ಟಣೆಯನ್ನು ಮರೆತು ನೋಡಿದರೆ ಅದು ಬೆಂಗಳೂರಿನ ನೆರೆಯ ಊರೇ. ತಂದೆ ಹಳ್ಳಿಯ ಮುನ್ಸೀಫರಾಗಿದ್ದರು. ಅಂದರೆ ಪ್ರಭುತ್ವ ಎಂಬುದು ಆ ಹುಡುಗನಿಗೆ ಮನೆಯ ಜಗುಲಿಯ ಮೇಲೆಯೇ ಕಾಣಸಿಕ್ಕಿತ್ತು. ಹೊಸೂರಿನ ಶಾಲೆಯ ನಂತರ ಓದಿಗೆ ಬಂದದ್ದು ಬೆಂಗಳೂರಿಗೆ. ಸೆಂಟ್ರಲ್ ಕಾಲೇಜಿನಲ್ಲಿ ಅವರ ಸಹಪಾಠಿಯಾಗಿದ್ದ ನವರತ್ನ ರಾಮರಾಯರು ಮುಂದೆ ಮೈಸೂರು ಸಂಸ್ಥಾನದ ದಕ್ಷ ಅಧಿಕಾರಿಯಾದರು, 'ಕೆಲವು ನೆನಪುಗಳು' ಬರೆದು ಕನ್ನಡ ಓದುಗರಿಗೆ ಪ್ರಿಯರಾದರು. ಒಬ್ಬರು ಸರ್ಕಾರಿ ನೌಕರಿಯಲ್ಲಿ, ಇನ್ನೊಬ್ಬರು ಸರ್ಕಾರದ ಸೆರೆಮನೆಯಲ್ಲಿ ದಿನ ಕಳೆದರೂ ಆ ಸ್ನೇಹ ಬದುಕಿನುದ್ದಕ್ಕೂ ಉಳಿಯಿತು. ರಾಜಾಜಿಯವರ ಮಹಾಭಾರತ ಇಂಗ್ಲಿಷಿಗೆ ಬರುವಲ್ಲಿ ರಾಮರಾಯರ ಕೈಯೂ ಇತ್ತು.

ಮದರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿಕೆ ಆರಂಭಿಸಿ ಒಳ್ಳೆಯ ಸಂಪಾದನೆ ಮಾಡುತ್ತಿದ್ದವರನ್ನು 1919ರ ರೌಲತ್ ಕಾಯ್ದೆ ಗಾಂಧೀಜಿಯ ಬಳಿಗೆ ಎಳೆದು ತಂದಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಕಾನೂನದು. ಅದರ ವಿರುದ್ಧ ದೇಶವ್ಯಾಪಿ ಹರತಾಳ ನಡೆಸುವ ಯೋಚನೆ ಗಾಂಧೀಜಿಗೆ ಹೊಳೆದದ್ದು ಮದರಾಸಿನಲ್ಲಿ, ಅವರು ರಾಜಾಜಿಯ ಅತಿಥಿಯಾಗಿದ್ದಾಗ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯ ಹೋರಾಟದ ಅವರ ದಿನಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಇಲ್ಲಿ ಒಂದು ಪ್ರಸಂಗವಷ್ಟೇ ಸಾಕು. 1930ರ ಏಪ್ರಿಲ್‌ನಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯಂ ಕಡಲತೀರಕ್ಕೆ ಸುಮಾರು ನೂರು ಮಂದಿ ಸ್ವಯಂಸೇವಕರೊಡನೆ ಅವರು ಉಪ್ಪಿನ ಯಾತ್ರೆ ಹೊರಟರು. ತಂಜಾವೂರಿನ ಕಲೆಕ್ಟರ್ ಥಾರ್ನ್ ಯಾತ್ರಿಕರನ್ನು ತಡೆಯಲು ಹೋಗಲಿಲ್ಲ. ಅವರಿಗೆ ಊಟ, ಆಶ್ರಯ ಕೊಟ್ಟವರನ್ನು ಶಿಕ್ಷಿಸುವುದಾಗಿ ಸಾರಿದ. ಮನೆಗೆ ಬಂದವರಿಗೆ ಅನ್ನವಿಕ್ಕುವುದನ್ನೇ ಅಪರಾಧವಾಗಿಸಿದ ಆಜ್ಞೆಯದು. ಹಳ್ಳಿಯವರು ದಾರಿಯ ಮರಗಳ ಕೊಂಬೆಗೆ ಅನ್ನದ ಪೊಟ್ಟಣ ಕಟ್ಟಿ, ಕೊಟ್ಟವರಾರೆಂದು ತಿಳಿಯದಂತೆ ಉಣಿಸಿದರೆಂಬ ಕಥೆಯನ್ನು ಆ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. ಸರ್ಕಾರದ ಅಪ್ಪಣೆಗೆ ಎಲ್ಲಿಯವರೆಗೆ ಬೆಲೆ, ಎಲ್ಲಿಂದಾಚೆಗೆ ಇಲ್ಲ ಎಂಬುದು ಆ ಎರಡು ವಾರಗಳ ನಡಿಗೆಯಲ್ಲಿ ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಅವರಿಗೆ ಮನದಟ್ಟಾಗಿರಬೇಕು.

ಆದರೆ ಅಧಿಕಾರ ಕೈಗೆ ಬಂದಾಗ ನಡೆದದ್ದೇನು? 1937ರಲ್ಲಿ ಮದರಾಸಿನ ಪ್ರಧಾನಿಯಾದ ರಾಜಾಜಿ ಅತ್ಯಂತ ದಕ್ಷ ಆಡಳಿತಗಾರರು, ಹಾಗೆಯೇ ಅತ್ಯಂತ ಬಿಗಿಮುಷ್ಟಿಯವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಾಯಿತು. ಅಬಕಾರಿ ಆದಾಯ ಖೋತಾ ಆಗುವುದನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಬಂತು. ಜಿಎಸ್‌ಟಿ ಬರುವವರೆಗೆ, ಅಂದರೆ 2017ರವರೆಗೆ, ಎಲ್ಲ ರಾಜ್ಯ ಸರ್ಕಾರಗಳ ಬೊಕ್ಕಸವನ್ನು ಹೊರೆದ ತೆರಿಗೆಯ ಜನಕ ಮುಂದೆ ಮಿತ ಸರ್ಕಾರದ ಪ್ರವಕ್ತನಾದದ್ದು ಇತಿಹಾಸದ ಸಣ್ಣ ಚೇಷ್ಟೆ. 1938ರ ಕೃಷಿಕರ ಋಣಪರಿಹಾರ ಕಾಯ್ದೆಯಿಂದ ರೈತರ ಸಾಲದ ಹೊರೆಯನ್ನು ಶಾಸನದ ಮೂಲಕ ಇಳಿಸಿದರು; ಖಾಸಗಿ ಕರಾರುಗಳು ಪವಿತ್ರವೆನ್ನುವವರು ಇದನ್ನು ಒಪ್ಪಲಾರರು. ಮಧುರೆಯ ಮೀನಾಕ್ಷಿ ದೇವಾಲಯಕ್ಕೆ ದಲಿತರು ಪ್ರವೇಶಿಸಿದಾಗ ಅದಕ್ಕೆ ಕಾರಣರಾದವರಿಗೆ ಕಾನೂನಿನ ರಕ್ಷಣೆ ಒದಗಿಸಿದ್ದೂ ಇದೇ ಸರ್ಕಾರ. ಅದಕ್ಕಾಗಿ ಸನಾತನಿಗಳು ಅವರನ್ನು ಕ್ಷಮಿಸಲಿಲ್ಲ.

ಹಿಂದಿಯದು ಬೇರೆಯೇ ಕತೆ. 1938ರಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ಪ್ರತಿಭಟಿಸಿದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು, ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಸೆರೆಯಲ್ಲೇ ಪ್ರಾಣಬಿಟ್ಟರು. ಬಂಧನಕ್ಕೆ ಬಳಸಿದ್ದು ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯ್ದೆಯನ್ನು. ಕಾನೂನುಭಂಗ ಚಳವಳಿಯಲ್ಲಿ ಕಾಂಗ್ರೆಸ್ಸಿಗರನ್ನು ಸದೆಬಡಿಯಲು ಬ್ರಿಟಿಷರು ಝಳಪಿಸಿದ್ದ ಕತ್ತಿಯೇ ಅದು. ಕಾಂಗ್ರೆಸ್ಸಿನೊಳಗೇ ಹಲವರಿಗೆ ಇದು ನುಂಗಲಾರದ ತುತ್ತಾಯಿತು. ರಾಜಾಜಿಗೆ ಮಾತ್ರ ಸಂಕೋಚವಿದ್ದಂತೆ ಕಾಣುವುದಿಲ್ಲ. ತನ್ನ ಉದ್ದೇಶ ಒಳ್ಳೆಯದೆಂದು ಖಚಿತವಾಗಿ ನಂಬಿದ ಆಡಳಿತಗಾರನಿಗೆ ಎದುರಿನವನ ಅಸಮ್ಮತಿ ಬರಿಯ ಹಟವಾಗಿ ಕಾಣುತ್ತದೆ. ಯೋಜನಾ ಆಯೋಗದ ಪಂಡಿತರ ಮೇಲೆ ಇಪ್ಪತ್ತು ವರ್ಷಗಳ ನಂತರ ಅವರು ಹೊರಿಸಿದ ಆರೋಪವೂ ಹೆಚ್ಚುಕಡಿಮೆ ಇದೇ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯನ್ನು ಒಪ್ಪದೆ, ಮುಸ್ಲಿಂ ಲೀಗಿನ ಬೇಡಿಕೆಯನ್ನು ತತ್ತ್ವತಃ ಒಪ್ಪಿ ಮಾತುಕತೆಗೆ ಕೂರಬೇಕೆಂದು ವಾದಿಸಿ ಅವರು ಪಕ್ಷದಲ್ಲಿ ಒಂಟಿಯಾದರು, ಹೊರಬಂದರು. ಆಮೇಲೆ ಗಾಂಧೀಜಿಯೇ ಅವರ ಸೂತ್ರವನ್ನು ಹಿಡಿದು ಜಿನ್ನಾ ಅವರೊಡನೆ ಮಾತನಾಡಿದರು. ಎಲ್ಲರೂ ಒಂದು ದಿಕ್ಕಿಗೆ ಓಡುವಾಗ ಎದುರು ದಿಕ್ಕಿಗೆ ನಡೆಯುವ ಧೈರ್ಯ ಅವರಲ್ಲಿ ಮೊದಲಿನಿಂದಲೂ ಇತ್ತು. 1948ರ ಜೂನ್‌ನಿಂದ 1950ರ ಜನವರಿಯವರೆಗೆ ಗವರ್ನರ್ ಜನರಲ್ ಆಗಿದ್ದರು. ಆ ಪದವಿಗೇರಿದ ಏಕೈಕ ಭಾರತೀಯ.

ಸರ್ದಾರ್ ಪಟೇಲರ ಮರಣಾನಂತರ ಗೃಹಖಾತೆ ಅವರ ಪಾಲಿಗೆ ಬಂತು. ಅವರ ಜೀವನದ ಅತ್ಯಂತ ಇಕ್ಕಟ್ಟಿನ ಪುಟಗಳಿವು. ವಿಚಾರಣೆಯಿಲ್ಲದ ಬಂಧನಕ್ಕೆ ಅವಕಾಶ ಕೊಡುವ ಮುನ್ನೆಚ್ಚರಿಕೆ ಬಂಧನ ಕಾಯ್ದೆಯನ್ನು 1951ರಲ್ಲಿ ಮುಂದುವರಿಸಲು ಸಂಸತ್ತಿನಲ್ಲಿ ವಾದಿಸಿದವರು ಅವರೇ. ರೌಲತ್ ಕಾಯ್ದೆಯ ವಿರುದ್ಧ ಬೀದಿಗಿಳಿದು ಮೂರು ದಶಕ ಕಳೆದಿತ್ತು. ಪತ್ರಿಕೆಗಳ ಮೇಲೆ ಅಂಕುಶವಿಡುವ ಆಕ್ಷೇಪಾರ್ಹ ಬರಹ ಕಾಯ್ದೆಯನ್ನು ಅದೇ ವರ್ಷ ಮಂಡಿಸಿ, ಸಂಪಾದಕರ ವಿರೋಧದ ನಡುವೆಯೇ ಅಂಗೀಕಾರ ಪಡೆದರು. ವಾಕ್ ಸ್ವಾತಂತ್ರ್ಯವನ್ನು ಮಿತಗೊಳಿಸಿದ, ನ್ಯಾಯಾಲಯದ ಪರಿಶೀಲನೆಯಿಂದ ಕಾನೂನುಗಳನ್ನು ಮರೆಮಾಡುವ ಒಂಬತ್ತನೇ ಅನುಸೂಚಿಯನ್ನು ಸೃಷ್ಟಿಸಿದ ಸಂವಿಧಾನದ ಮೊದಲ ತಿದ್ದುಪಡಿಯಾದದ್ದೂ ಅವರು ಆ ಸಂಪುಟದಲ್ಲಿದ್ದಾಗಲೇ. ತೆಲಂಗಾಣದ ಕಮ್ಯುನಿಸ್ಟ್ ಬಂಡಾಯ, ವಿಭಜನೆಯ ಗಾಯಗಳು ಎಂದೆಲ್ಲ ಸಮರ್ಥನೆ ಕೊಡಬಹುದು. ಸಮರ್ಥನೆಗಳು ರೌಲತ್ ಕಾಯ್ದೆಗೂ ಇದ್ದವು.

ಹಾಗಾದರೆ ಪ್ರಭುತ್ವದ ಟೀಕಾಕಾರ ರಾಜಾಜಿ ಹುಟ್ಟಿದ್ದೆಲ್ಲಿ? ಈ ಲೇಖಕನ ಅಭಿಪ್ರಾಯದಲ್ಲಿ 1952ರ ಅಕ್ಕಿ ಗೋದಾಮುಗಳಲ್ಲಿ. ಆ ವರ್ಷದ ಚುನಾವಣೆಯಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ಕಮ್ಯುನಿಸ್ಟರನ್ನು ಹೊರಗಿಡಲು ರಾಜಾಜಿಯವರನ್ನು ಕರೆತಂದು, ಜನರಿಂದ ಆರಿಸಿ ಬಾರದೆ ವಿಧಾನ ಪರಿಷತ್ತಿಗೆ ನಾಮಕರಣಗೊಳಿಸಿ ಮುಖ್ಯಮಂತ್ರಿ ಮಾಡಲಾಯಿತು. ಪ್ರಜಾಸತ್ತೆಯ ದೃಷ್ಟಿಯಿಂದ ಅಷ್ಟೇನೂ ಅಂದವಲ್ಲದ ಆರಂಭ. ರಾಜ್ಯ ಬರಗಾಲದಿಂದ ಬಳಲುತ್ತಿತ್ತು. ಯುದ್ಧಕಾಲದಲ್ಲಿ ಬಂದ ಪಡಿತರ ಪದ್ಧತಿ ಹಾಗೆಯೇ ಬೇರುಬಿಟ್ಟಿತ್ತು: ರೈತ ತಾನು ಬೆಳೆದ ಭತ್ತವನ್ನು ಲೆವಿಯಾಗಿ ಸರ್ಕಾರಕ್ಕೆ ಒಪ್ಪಿಸಬೇಕು, ಅನುಮತಿಯಿಲ್ಲದೆ ಒಂದು ಜಿಲ್ಲೆಯ ಅಕ್ಕಿ ಇನ್ನೊಂದಕ್ಕೆ ಸಾಗುವಂತಿಲ್ಲ. ಗಡಿಗಡಿಗೂ ತಪಾಸಣೆ, ತಪಾಸಣೆಯಿದ್ದಲ್ಲೆಲ್ಲ ಲಂಚ. ಮಗಳ ಮನೆಗೆಂದು ತಾಯಿ ಒಯ್ಯುವ ಅಕ್ಕಿಯ ಗಂಟೂ ಕಳ್ಳಸಾಗಣೆಯ ಮಾಲಾಗುತ್ತಿತ್ತು.

ನಿಯಂತ್ರಣ ತೆಗೆಯುವುದು ಹುಡುಗಾಟವಾಗಿರಲಿಲ್ಲ. ಗಾಂಧೀಜಿಯ ಒತ್ತಾಯದ ಮೇರೆಗೆ 1947ರ ಕೊನೆಯಲ್ಲಿ ಒಮ್ಮೆ ತೆಗೆದು, ಬೆಲೆಗಳು ಏರಿದವೆಂದು ಮರುವರ್ಷವೇ ಮತ್ತೆ ಹೇರಲಾಗಿತ್ತು. ಆ ಕಹಿ ಎಲ್ಲರಿಗೂ ನೆನಪಿತ್ತು, ದೆಹಲಿಯಲ್ಲಿ ಶಂಕೆಯೂ ಇತ್ತು. ಅಧಿಕಾರಕ್ಕೆ ಬಂದು ಎರಡು ತಿಂಗಳಾಗುವಷ್ಟರಲ್ಲಿ, ಜೂನ್‌ನಲ್ಲಿ, ಕೇಂದ್ರ ಆಹಾರ ಸಚಿವ ರಫಿ ಅಹಮದ್ ಕಿದ್ವಾಯಿ ಅವರ ಬೆಂಬಲವೊಂದನ್ನೇ ನೆಚ್ಚಿ ರಾಜಾಜಿ ಪಡಿತರವನ್ನು ರದ್ದು ಮಾಡಿದರು. ಬಚ್ಚಿಟ್ಟ ದಾಸ್ತಾನು ಪೇಟೆಗೆ ಬಂತು. ಹಾಹಾಕಾರವಾಗಲಿಲ್ಲ. ಇತರ ರಾಜ್ಯಗಳೂ ಹಿಂಬಾಲಿಸಿದವು. 1954ರ ಹೊತ್ತಿಗೆ ದೇಶದಾದ್ಯಂತ ಅಕ್ಕಿಯ ನಿಯಂತ್ರಣ ಸಡಿಲಗೊಂಡಿತು. ಆ ವರ್ಷಗಳಲ್ಲಿ ಮಳೆರಾಯ ಕೈಕೊಡಲಿಲ್ಲವೆಂಬುದನ್ನೂ ಹೇಳಬೇಕು; ಕೈಕೊಟ್ಟಿದ್ದರೆ ರಾಜಾಜಿಯ ಜೀವನಚರಿತ್ರೆಯನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು. ಆದರೆ ಅವರ ಮಟ್ಟಿಗೆ ಒಂದು ವಿಷಯ ಇತ್ಯರ್ಥವಾಯಿತು. ಸಾವಿರಾರು ಗುಮಾಸ್ತರು, ಇನ್ಸ್‌ಪೆಕ್ಟರುಗಳು ಮಾಡಲಾಗದ ಕೆಲಸವನ್ನು ಅವರನ್ನು ಮನೆಗೆ ಕಳುಹಿಸಿ ಮಾಡಿಸಬಹುದು.

ಅದೇ ವ್ಯಕ್ತಿ ಮರುವರ್ಷ ತನ್ನ ರಾಜಕೀಯ ಬದುಕಿನ ಅತಿ ದೊಡ್ಡ ಪೆಟ್ಟು ತಿಂದರು. 1953ರ ಪ್ರಾಥಮಿಕ ಶಿಕ್ಷಣ ಯೋಜನೆಯಂತೆ ಹಳ್ಳಿಯ ಶಾಲೆಗಳು ದಿನಕ್ಕೆ ಮೂರು ಗಂಟೆಯ ಎರಡು ಪಾಳಿಯಲ್ಲಿ ನಡೆಯಬೇಕಿತ್ತು; ಉಳಿದ ಹೊತ್ತು ಮಕ್ಕಳು ತಂದೆತಾಯಿಯ ಕಸುಬು ಕಲಿಯಬೇಕಿತ್ತು. ಇರುವ ಉಪಾಧ್ಯಾಯರಲ್ಲೇ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸುವ ಲೆಕ್ಕಾಚಾರ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಕುಂಬಾರನ ಮಗ ಮಡಕೆ ಮಾಡುವುದನ್ನೂ ಚಮ್ಮಾರನ ಮಗ ಚಪ್ಪಲಿ ಹೊಲಿಯುವುದನ್ನೂ ಶಿಕ್ಷಣವೆಂದು ಕರೆದರೆ ಜಾತಿಗೆ ಸರ್ಕಾರಿ ಮುದ್ರೆ ಒತ್ತಿದಂತೆ ಎಂದು ಪೆರಿಯಾರ್ ಮತ್ತು ಡಿಎಂಕೆ ಸಿಡಿದೆದ್ದರು. ಕುಲಕಲ್ವಿ, ಅಂದರೆ ಕುಲವಿದ್ಯೆ, ಎಂಬ ಹೆಸರು ಅಂಟಿಕೊಂಡಿತು. 1954ರಲ್ಲಿ ರಾಜಾಜಿ ಕೆಳಗಿಳಿದರು. ನಂತರ ಬಂದ ಕಾಮರಾಜರು ಯೋಜನೆಯನ್ನು ಕಿತ್ತುಹಾಕಿದರು. ಸರ್ಕಾರದ ಹಿಡಿತವನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಿದ ಕಣ್ಣಿಗೆ ಊರಿನ, ಕುಲದ, ಮನೆತನದ ಹಿಡಿತ ಕಾಣಲಿಲ್ಲ. ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಎಲ್ಲರಿಗೂ ಸಮನಾದ ಸ್ವಾತಂತ್ರ್ಯ ತಾನಾಗಿ ಚಿಗುರುವುದಿಲ್ಲ. ಅಲ್ಲಿ ಮೊದಲೇ ಯಾರೋ ಯಜಮಾನರು ಕುಳಿತಿರುತ್ತಾರೆ. ಈ ಕೊರತೆ ಅವರ ವಿಚಾರದಲ್ಲಿ ಕೊನೆಯವರೆಗೂ ಉಳಿಯಿತು. ಸ್ವತಂತ್ರ ಪಕ್ಷಕ್ಕೂ ಅದೇ ಮುಳುವಾಯಿತು.

1957ರಲ್ಲಿ ಕಾಂಗ್ರೆಸ್ ತೊರೆದ ಮೇಲೆ ಮದರಾಸಿನ 'ಸ್ವರಾಜ್ಯ' ವಾರಪತ್ರಿಕೆ ಅವರ ವೇದಿಕೆಯಾಯಿತು. ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ ಎಂಬ ಪದಪುಂಜ ಅವರದೇ ಟಂಕಸಾಲೆಯದು. 1951ರ ಕೈಗಾರಿಕಾ ಕಾಯ್ದೆಯಂತೆ ದೊಡ್ಡ ಕಾರ್ಖಾನೆ ಕಟ್ಟಲು, ವಿಸ್ತರಿಸಲು, ಹೊಸ ಸರಕು ತಯಾರಿಸಲು ಲೈಸೆನ್ಸ್ ಬೇಕು. ಯಂತ್ರ ತರಿಸಲು ಆಮದು ಪರವಾನಗಿ, ಷೇರು ಬಂಡವಾಳ ಎತ್ತಲು ಮತ್ತೊಂದು ಅನುಮತಿ. ರಾಜಾಜಿ ಅರ್ಥಶಾಸ್ತ್ರಜ್ಞರಲ್ಲ. ಎರಡನೇ ಪಂಚವಾರ್ಷಿಕ ಯೋಜನೆಯ ಖೋತಾ ಹಣಕಾಸನ್ನು ವಿರೋಧಿಸಿ 1955ರಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದ ಬಿ.ಆರ್. ಶೆಣೈ ಅವರಂತೆ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಆ ಪಂಡಿತರಂತೆ, ಅಂಕಿಅಂಶಗಳಿಂದ ವಾದಿಸಿದವರೂ ಅಲ್ಲ. ಅವರು ನೋಡಿದ್ದು ರಾಜಕಾರಣಿಯ ಕಣ್ಣಿನಿಂದ. ಲೈಸೆನ್ಸ್ ಪಡೆದ ಉದ್ಯಮಿಗೆ ಸ್ಪರ್ಧಿಯಿಲ್ಲ. ಆ ಸುಖವನ್ನು ಉಳಿಸಿಕೊಳ್ಳಲು ಆತ ಆಳುವ ಪಕ್ಷದ ಚುನಾವಣಾ ನಿಧಿಗೆ ಹಣ ಸುರಿಯುತ್ತಾನೆ. ಆ ಹಣದಿಂದ ಗೆದ್ದ ಪಕ್ಷ ಇನ್ನಷ್ಟು ಲೈಸೆನ್ಸ್ ಹಂಚುತ್ತದೆ. ಸಮಾಜವಾದದ ಹೆಸರಿನಲ್ಲಿ ಕಟ್ಟಿದ್ದು ಸರ್ಕಾರ ಮತ್ತು ದೊಡ್ಡ ಬಂಡವಾಳದ ಕೂಡಾವಳಿಯನ್ನೇ ಎಂಬುದು ಅವರ ನಿರ್ಣಯ.

ಇದು ಎಷ್ಟು ನಿಜವೆಂಬುದಕ್ಕೆ ಸ್ವತಂತ್ರ ಪಕ್ಷದ ಲೆಕ್ಕಪತ್ರವೇ ಸಾಕ್ಷಿ. ಶ್ರೀಮಂತರ ಪಕ್ಷವೆಂದು ಎಲ್ಲರೂ ಮೂದಲಿಸಿದರೂ ಉದ್ಯಮಿಗಳ ದೇಣಿಗೆಯ ಬಹುಪಾಲು ಹರಿದದ್ದು ಕಾಂಗ್ರೆಸ್ಸಿಗೆ. ಟಾಟಾ ಸಮೂಹ 1961ರಲ್ಲಿ ಎರಡು ಪಕ್ಷಗಳಿಗೂ ನೆರವು ಕೊಡಲು ತೀರ್ಮಾನಿಸಿತು. ಘನಶ್ಯಾಮದಾಸ್ ಬಿರ್ಲಾ ಅವರು ಮಾತ್ರ ಉದ್ಯಮಿಗಳು ಕಾಂಗ್ರೆಸ್ಸನ್ನೇ ಬಲಪಡಿಸಬೇಕೆಂದು ಬಹಿರಂಗವಾಗಿ ಸಲಹೆ ಕೊಟ್ಟರು. ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಿದಾಗ ಹೆಚ್ಚು ಬಡವಾದದ್ದು ಪ್ರತಿಪಕ್ಷವೇ.

ಪಕ್ಷದ ಹುಟ್ಟಿಗೆ ತಕ್ಷಣದ ನಿಮಿತ್ತ ಕಾರ್ಖಾನೆಯಲ್ಲ, ಹೊಲ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಸಣ್ಣ ಹಿಡುವಳಿದಾರನ ಭೂಮಿ ಸಾಮೂಹಿಕ ಕಣಕ್ಕೆ ಸೇರುವುದೆಂಬ ಭೀತಿ ಹಬ್ಬಿತು. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಕಾಂಗ್ರೆಸ್ ಬಿಟ್ಟು ಹೊಸ ಪಕ್ಷದ ಅಧ್ಯಕ್ಷರಾದರು, ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ಮೂಲತತ್ತ್ವಗಳಾಚೆಗಿನ ವಿಷಯಗಳಲ್ಲಿ ಸದಸ್ಯರು ತಮ್ಮ ಮನಸ್ಸಾಕ್ಷಿಯಂತೆ ನಡೆಯಬಹುದೆಂಬ ನಿಯಮ ಈ ಪಕ್ಷದಲ್ಲಿತ್ತು. ವಿಪ್ ಉಲ್ಲಂಘಿಸಿದರೆ ಸದಸ್ಯತ್ವವೇ ಹೋಗುವ ಇಂದಿನ ದಿನಗಳಲ್ಲಿ ಇದು ಕಟ್ಟುಕಥೆಯಂತೆ ತೋರಬಹುದು. ರೈತವಾರಿ ಜಮೀನನ್ನೂ ಎಸ್ಟೇಟ್ ಎಂಬ ವ್ಯಾಖ್ಯೆಯೊಳಗೆ ತಂದು, ಒಂಬತ್ತನೇ ಅನುಸೂಚಿಗೆ ಒಂದೇ ಸಲಕ್ಕೆ 44 ಕಾನೂನುಗಳನ್ನು ತುರುಕಿದ 1964ರ ಹದಿನೇಳನೇ ತಿದ್ದುಪಡಿಯ ವಿರುದ್ಧ ರಾಜಾಜಿ ಉಗ್ರವಾಗಿ ಬರೆದರು. ಆ ಅನುಸೂಚಿಯ ಜನನಕಾಲದಲ್ಲಿ ತಾವೇ ಮಂತ್ರಿಯಾಗಿದ್ದುದನ್ನು ಅವರ ಎದುರಾಳಿಗಳು ಇನ್ನಷ್ಟು ಜೋರಾಗಿ ನೆನಪಿಸಬಹುದಿತ್ತು.

1962ರ ಚುನಾವಣೆಯಲ್ಲಿ ಲೋಕಸಭೆಯ 18 ಸ್ಥಾನ, 1967ರಲ್ಲಿ 44. ನಮ್ಮ ಅಂದಿನ ಮೈಸೂರು ರಾಜ್ಯದಿಂದಲೇ 1967ರಲ್ಲಿ ಐವರು ಆರಿಸಿ ಬಂದರು; ಉಡುಪಿಯಿಂದ ಜೆ.ಎಂ. ಲೋಬೊ ಪ್ರಭು ಗೆದ್ದದ್ದು ಕರಾವಳಿಯ ಹಿರಿಯರಿಗೆ ನೆನಪಿರಬಹುದು. ಮೀರತ್ ಪಿತೂರಿ ಮೊಕದ್ದಮೆಯ ಕಮ್ಯುನಿಸ್ಟ್ ಕೈದಿಯಾಗಿದ್ದು, ಆಮೇಲೆ ಆ ಮತವನ್ನು ತೊರೆದು ಬೆಂಗಳೂರಿನಲ್ಲಿ 'ಮೈಸಿಂಡಿಯಾ' ನಡೆಸುತ್ತಿದ್ದ ಫಿಲಿಪ್ ಸ್ಪ್ರಾಟ್ 'ಸ್ವರಾಜ್ಯ'ದ ಸಂಪಾದಕತ್ವಕ್ಕೆ ಮದರಾಸಿಗೆ ಹೋದರು. ಆದರೆ ಪಕ್ಷದ ನಿಜವಾದ ಮತಬಲ ಇದ್ದದ್ದು ಜೈಪುರದ ಮಹಾರಾಣಿ ಗಾಯತ್ರಿದೇವಿ, ರಾಮಗಢದ ರಾಜ, ಒರಿಸ್ಸಾದ ಮಾಜಿ ಅರಸರ ಬೆನ್ನ ಹಿಂದೆ. ಪ್ರಜೆಯ ಸ್ವಾತಂತ್ರ್ಯದ ಮಾತನ್ನು ಅರಮನೆಯ ಉಪ್ಪರಿಗೆಯಿಂದ ಹೇಳಿಸಿದರೆ ಕೇಳುವವರು ನಗುವುದು ಸಹಜ. ರಾಜಾಜಿಗೆ ಇದು ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ.

ಆದರೂ ಆ ದಶಕದಲ್ಲಿ ಅವರು ತಳೆದ ನಿಲುವುಗಳು ಬರಿಯ ವ್ಯಾಪಾರಸ್ವಾತಂತ್ರ್ಯದವಲ್ಲ. ಚೀನಾ ಯುದ್ಧಕ್ಕೆಂದು 1962ರ ಅಕ್ಟೋಬರ್‌ನಲ್ಲಿ ಘೋಷಿಸಿದ ತುರ್ತುಸ್ಥಿತಿ, ಯುದ್ಧ ಮುಗಿದ ಮೇಲೂ 1968ರ ಜನವರಿಯವರೆಗೆ ಮುಂದುವರಿಯಿತು. ಅದನ್ನು ಪ್ರಶ್ನಿಸಿದ ಕೆಲವೇ ದನಿಗಳಲ್ಲಿ ಸ್ವತಂತ್ರ ಪಕ್ಷದ್ದೂ ಒಂದು. ಸೆರೆಯಿಂದ ಬಿಡುಗಡೆಯಾದ ಷೇಖ್ ಅಬ್ದುಲ್ಲಾ 1964ರಲ್ಲಿ ರಾಜಾಜಿಯವರನ್ನು ಕಾಣಲು ಮದರಾಸಿನವರೆಗೆ ಹೋದರು. ಅಣ್ವಸ್ತ್ರ ಪರೀಕ್ಷೆ ನಿಲ್ಲಿಸುವಂತೆ ಕೇಳಲು 1962ರಲ್ಲಿ, 83ರ ಪ್ರಾಯದಲ್ಲಿ, ಅವರು ಮೊದಲ ಬಾರಿಗೆ ಪಾಶ್ಚಾತ್ಯ ದೇಶಗಳಿಗೆ ಪ್ರಯಾಣ ಮಾಡಿ ಅಧ್ಯಕ್ಷ ಕೆನಡಿಯವರನ್ನು ಭೇಟಿಯಾದರು. ಜತೆಗಿದ್ದವರು ನಮ್ಮ ರಂಗನಾಥ ದಿವಾಕರ ಮತ್ತು ಮಂಗಳೂರು ಮೂಲದ ಬಿ. ಶಿವರಾವ್. 1938ರಲ್ಲಿ ಹಿಂದಿ ಹೇರಿದವರು 1965ರಲ್ಲಿ ಹಿಂದಿ ಹೇರಿಕೆಯ ವಿರೋಧಿಗಳ ಮುಂಚೂಣಿಯಲ್ಲಿದ್ದರು. ತಮ್ಮನ್ನು ಅಧಿಕಾರದಿಂದ ಕೆಳಗಿಳಿಸಿದ ಡಿಎಂಕೆಯ ಜತೆ ಕೈಜೋಡಿಸಿ 1967ರಲ್ಲಿ ಕಾಂಗ್ರೆಸ್ಸನ್ನು ಮದರಾಸಿನಿಂದ ಉರುಳಿಸಿದರು. ಅಣ್ಣಾದೊರೈ ಮುಖ್ಯಮಂತ್ರಿಯಾದರು.

ಬದಲಾಗದೆ ಉಳಿದದ್ದು ಪಾನನಿರೋಧದ ನಂಬಿಕೆ. ಏನು ಬೆಳೆಯಬೇಕು, ಏನು ತಯಾರಿಸಬೇಕು ಎಂದು ಸರ್ಕಾರ ಹೇಳಬಾರದು. ಆದರೆ ಏನು ಕುಡಿಯಬಾರದು ಎಂದು ಹೇಳಬಹುದು. ಪಾಶ್ಚಾತ್ಯ ಸ್ವಾತಂತ್ರ್ಯವಾದಿಗಳ ಪಂಕ್ತಿಯಲ್ಲಿ ಅವರನ್ನು ಕೂರಿಸಲಾಗದಿರುವುದು ಇಲ್ಲಿಯೇ. ಅವರ ಸ್ವಾತಂತ್ರ್ಯ ಧರ್ಮದ ದಾರಕ್ಕೆ ಪೋಣಿಸಿದ್ದು. ದಾರ ಬಿಗಿಯಾಗಿದ್ದರೆ ಪೊಲೀಸರ ಅಗತ್ಯ ಬೀಳದು ಎಂಬುದು ಅವರ ಎಣಿಕೆ. ಕಳ್ಳಬಟ್ಟಿ, ಮಾಮೂಲು, ಸುಳ್ಳು ಕೇಸುಗಳ ರೂಪದಲ್ಲಿ ಪಾನನಿರೋಧವೂ ಒಂದು ಪರ್ಮಿಟ್ ರಾಜ್ಯವನ್ನೇ ಸಾಕುತ್ತಿತ್ತು. ಆ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. 1971ರಲ್ಲಿ ಕರುಣಾನಿಧಿ ಸರ್ಕಾರ ಅದನ್ನು ಸಡಿಲಿಸಲು ಹೊರಟಾಗ 92ರ ಮುದುಕ ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿಯ ಮನೆಗೆ ಹೋಗಿ ಬೇಡವೆಂದು ಬೇಡಿಕೊಂಡರೆಂದು ಹೇಳುತ್ತಾರೆ. ಪ್ರಯೋಜನವಾಗಲಿಲ್ಲ.

ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಅಲೆಗೆ ಸಿಲುಕಿ ಪಕ್ಷ 8 ಸ್ಥಾನಕ್ಕೆ ಕುಸಿಯಿತು. 1972ರ ಡಿಸೆಂಬರ್ 25ರಂದು, 94 ತುಂಬಿ ಹದಿನೈದು ದಿನಗಳಾದ ಮೇಲೆ, ರಾಜಾಜಿ ಮದರಾಸಿನಲ್ಲಿ ನಿಧನರಾದರು. 1974ರಲ್ಲಿ ಪಕ್ಷ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಲೀನವಾಯಿತು. ನಾಗಪುರ ಅಧಿವೇಶನದಲ್ಲಿ ಸಹಕಾರಿ ಬೇಸಾಯವನ್ನು ಕಾಂಗ್ರೆಸ್ಸಿನೊಳಗಿದ್ದೇ ವಿರೋಧಿಸಿದ್ದವರು ಈ ಚರಣ್ ಸಿಂಗ್. 1978ರ ನಲವತ್ತನಾಲ್ಕನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. 1991ರಲ್ಲಿ ಕೈಗಾರಿಕಾ ಲೈಸೆನ್ಸ್ ಪದ್ಧತಿಯ ಬಹುಭಾಗವನ್ನು ಕಳಚಿಹಾಕಿದವರು ಕಾಂಗ್ರೆಸ್ಸಿಗರೇ. ಆ ಪದ್ಧತಿಗೆ ಹೆಸರಿಟ್ಟವರನ್ನು ಅವರು ಹೆಚ್ಚಾಗಿ ಸ್ಮರಿಸಲಿಲ್ಲ.

ಒಂದು ಕಟ್ಟು ಮಾತ್ರ ಹಾಗೆಯೇ ಉಳಿದಿದೆ. ಸಂವಿಧಾನದ ಪ್ರಸ್ತಾವನೆಗೆ 1976ರಲ್ಲಿ ಸಮಾಜವಾದಿ ಎಂಬ ಪದ ಸೇರಿತು. ಜನಪ್ರಾತಿನಿಧ್ಯ ಕಾಯ್ದೆಗೆ ನಂತರ, 1989ರಿಂದ ಜಾರಿಗೆ ಬಂದಂತೆ ಸೇರಿದ 29ಎ ಕಲಮಿನ ಪ್ರಕಾರ, ಚುನಾವಣಾ ಆಯೋಗದಲ್ಲಿ ನೋಂದಣಿ ಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದದ ತತ್ತ್ವಕ್ಕೆ ನಿಷ್ಠೆಯನ್ನು ತನ್ನ ನಿಯಮಾವಳಿಯಲ್ಲಿ ಬರೆದುಕೊಡಬೇಕು. ಸ್ವತಂತ್ರ ಪಕ್ಷದ ಹಳೆಯ ಕಾರ್ಯಕರ್ತರು 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಕಲಮು ಇಂದಿಗೂ ಜಾರಿಯಲ್ಲಿದೆ. 1959ರ ಆ ಇಪ್ಪತ್ತೊಂದು ತತ್ತ್ವಗಳನ್ನು ಹಿಡಿದುಕೊಂಡು ಇಂದು ಯಾರಾದರೂ ನಿರ್ವಚನ ಸದನಕ್ಕೆ ಹೋದರೆ, ನೋಂದಣಿಯ ಅರ್ಜಿಗೆ ಮೊದಲು ಅವರು ಆ ನಿಷ್ಠಾಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ.